ಗಡಿಯಾರಕ್ಕೂ ಪ್ಯಾಂಟಿಗೂ ಘಟ್ಟ ಇಳಿದದ್ದು

ನಮ್ಮ ಗದಗಿನವರ ಲೆಕ್ಕದಲ್ಲಿ ಪರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕಿಲ್ಲ, ಘಟ್ಟ ಇಳಿದರೆ ಸಾಕು. ಇಳಿದ ಕೂಡಲೇ ಅನ್ನ ಕೆಂಪಗೆ ದಪ್ಪಗಾಗುತ್ತದೆ, ರೊಟ್ಟಿ ಮಾಯವಾಗುತ್ತದೆ, ಮೈಮೇಲಿನ ಅಂಗಿ ಒಣಗುವುದೇ ಇಲ್ಲ. ಮಂದಿ ತಮ್ಮೊಳಗೆ ಬೇರೆ ಭಾಷೆ ಮಾತಾಡುತ್ತಾರೆ, ನಮ್ಮನ್ನು ಕಂಡರೆ ಮಾತ್ರ ಪಠ್ಯಪುಸ್ತಕ ತೆರೆದ ಹಾಗೆ ಕನ್ನಡಕ್ಕೆ ಬರುತ್ತಾರೆ. ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಇಂಥ ಪರದೇಶಕ್ಕೆ ಹೋಗಿ ಒಂದು ವಾರ ಇದ್ದು ಬಂದೆ.

ಮಗಳು ವೀಣಾ ಮಣಿಪಾಲದಲ್ಲಿ ಓದು ಮುಗಿಸಿದ್ದಳು. ಶನಿವಾರ ಅವಳ ಘಟಿಕೋತ್ಸವ. ನಾನು ಸೋಮವಾರವೇ ಹೊರಟೆ. ಅವಳ ಸಾಮಾನು ಕಟ್ಟಲು ಸಹಾಯ ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ನಿಜವಾದ ಕಾರಣ ನನ್ನ ಎಡಗೈಗೆ ಕಟ್ಟಿಕೊಂಡ ಗಡಿಯಾರವಾಗಿತ್ತು.

ಆ ಗಡಿಯಾರ ನನ್ನ ಮಾವನದು. ಮಾವ ಈಗ ಎಂಬತ್ತಾರರ ನಿವೃತ್ತ ಸ್ಟೇಶನ್ ಮಾಸ್ತರ. ನೌಕರಿಯುದ್ದಕ್ಕೂ ಕಟ್ಟಿಕೊಂಡಿದ್ದ ಕೀ ಕೊಡುವ ಗಡಿಯಾರವನ್ನು ನನ್ನ ಮದುವೆಯ ದಿನ ಮಂಟಪದಲ್ಲೇ ಬಿಚ್ಚಿ ನನ್ನ ಕೈಗೆ ಕಟ್ಟಿದ್ದರು. ಅದು ಮೂವತ್ತು ವರ್ಷ ಓಡಿತು. ಮೂರು ವರ್ಷದ ಹಿಂದೆ ನಿಂತಿತು. ನಿಂತ ವಾರವೇ ಮಾವನಿಗೆ ಹೃದಯದ ಆಪರೇಷನ್ ಆಗಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವರು ಕೇಳಿದ ಮೊದಲ ಮಾತು ಗಡಿಯಾರ ಓಡುತ್ತಿದೆಯೇ ಎಂದು. ಓಡುತ್ತಿದೆ ಎಂದೆ. ಮತ್ತೇನು ಹೇಳಬೇಕಿತ್ತು ನೀವೇ ಹೇಳಿ.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರಲ್ಲ, ನನಗೆ ನೂರೂ ಸಾಲಲಿಲ್ಲ. ಹಬ್ಬಕ್ಕೆ ಮಾವನ ಮನೆಗೆ ಹೋಗುವಾಗ ಓಣಿಯ ತಿರುವಿನಲ್ಲಿ ನಿಂತು ಮುಳ್ಳು ತಿರುಗಿಸಿ ಸರಿಯಾದ ಟೈಮಿಗೆ ಇಡುತ್ತಿದ್ದೆ. ಊಟಕ್ಕೆ ಮುಂಚೆ ಬಚ್ಚಲಿಗೆ ಹೋಗಿ ಇನ್ನಷ್ಟು ಮುಂದಕ್ಕೆ ತಿರುಗಿಸಿ ಬರುತ್ತಿದ್ದೆ, ಊಟವಾದ ಮೇಲೆ ಮತ್ತೊಮ್ಮೆ. ಅಳಿಯಂದಿರಿಗೆ ಸಕ್ಕರೆ ಕಾಯಿಲೆ ಇರಬೇಕು, ತಪಾಸಣೆ ಮಾಡಿಸು ಎಂದು ಅತ್ತೆ ನನ್ನ ಹೆಂಡತಿಗೆ ಹೇಳಿದ್ದರಂತೆ. ಗದಗಿನ ಗಡಿಯಾರದವರು ಅದನ್ನು ಮೇಜಿನ ಮೇಲಿಟ್ಟು ನೋಡಿದರೆ ಚೆನ್ನಾಗಿಯೇ ಓಡುತ್ತಿತ್ತು. ನನ್ನ ಕೈಗೆ ಬಂದರೆ ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು. ಒಬ್ಬರು ಒಳಗಿನ ಮಶಿನ್ ತೆಗೆದು ಬ್ಯಾಟರಿಯದು ಹಾಕುತ್ತೇನೆಂದರು. ಇನ್ನೊಬ್ಬರು ನನ್ನ ಮೈಯಲ್ಲಿ ಉಷ್ಣ ಜಾಸ್ತಿ, ಮಜ್ಜಿಗೆ ಕುಡಿಯಿರಿ ಎಂದರು. ಶನಿವಾರ ಮಾವ ಘಟಿಕೋತ್ಸವಕ್ಕೆ ಬರುವವರಿದ್ದರು. ಇಡೀ ದಿನ ಪಕ್ಕದ ಕುರ್ಚಿಯಲ್ಲಿ ಸ್ಟೇಶನ್ ಮಾಸ್ತರರನ್ನು ಕೂರಿಸಿಕೊಂಡು ಎಷ್ಟು ಸಲ ಬಚ್ಚಲಿಗೆ ಓಡಲಿ?

ಉಡುಪಿ, ಸೋಮವಾರ

ಬಸ್ಸಿಳಿದವನು ಮೊದಲು ದೇವರಿಗೆ ಕೈ ಮುಗಿಯೋಣ ಎಂದು ಮಠಕ್ಕೆ ಹೋದೆ. ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ನನ್ನ ಪ್ಯಾಂಟಿನ ವಿಷಯ ಇಲ್ಲಿ ಹೇಳಲೇಬೇಕು. ನನ್ನ ಹೊಟ್ಟೆ ನಲವತ್ತು ಇಂಚು, ಕಾಲುಗಳು ಮಾತ್ರ ಹದಿನೆಂಟರ ಹುಡುಗನವು. ಹೊಟ್ಟೆಗೆ ಸರಿಯಾದ ಪ್ಯಾಂಟು ಕಾಲಿಗೆ ಗೋಣಿಚೀಲವಾಗುತ್ತದೆ, ಕಾಲಿಗೆ ಸರಿಯಾದದ್ದು ತೊಡೆ ದಾಟುವುದಿಲ್ಲ. ನನಗೆ ಹೊಲಿಯುತ್ತಿದ್ದ ದರ್ಜಿ ಕಣ್ಣು ಮಂಜಾಗಿ ಮಶಿನ್ ಮಾರಿದಂದಿನಿಂದ ನನಗೆ ಪ್ಯಾಂಟಿನ ಸುಖವಿಲ್ಲ. ಅವತ್ತು ಹಾಕಿಕೊಂಡದ್ದು ‘ಎಷ್ಟು ಎಳೆದರೂ ಹಿಗ್ಗುತ್ತದೆ’ ಎಂದು ಅಂಗಡಿಯವನು ಹೊಗಳಿ ಕೊಟ್ಟದ್ದು.

ಕಿಂಡಿಯಲ್ಲಿ ದೇವರನ್ನು ನೋಡಲು ಬಗ್ಗಿದೆ. ಹಿಂಬದಿಯಲ್ಲಿ ಚರ್ ಎಂದಿತು. ಹಿಂದೆ ನಿಂತಿದ್ದ ಅಜ್ಜಿ ‘ಕೃಷ್ಣಾ’ ಎಂದರು. ದೇವರನ್ನು ಕಂಡು ಅಂದರೋ ನನ್ನನ್ನು ಕಂಡು ಅಂದರೋ ತಿಳಿಯಲಿಲ್ಲ.

ಹೆಗಲ ಮೇಲಿನ ಅಂಗಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಬರಿಮೈಯಲ್ಲಿ ರಥಬೀದಿಗೆ ಬಂದೆ. ಗದಗಿನ ಬಜಾರದಲ್ಲಿ ಹೀಗೆ ನಡೆದಿದ್ದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು. ಇಲ್ಲಿ ಯಾರೂ ತಿರುಗಿ ನೋಡಲಿಲ್ಲ, ಬೀದಿಯ ಅರ್ಧ ಗಂಡಸರು ಬರಿಮೈಯಲ್ಲೇ ಇದ್ದರು. ಬಟ್ಟೆ ಅಂಗಡಿಯೊಂದರ ಮೆಟ್ಟಿಲು ಹತ್ತಿದೆ. ಅಂಗಡಿಯವರು ನನ್ನ ಸೊಂಟದ ಕಡೆ ಒಮ್ಮೆ ನೋಡಿ, ನಾನು ಬಾಯಿ ತೆರೆಯುವ ಮೊದಲೇ, ‘ಪಂಚೆ ಅಲ್ವಾ’ ಎಂದು ಒಂದು ತೆಗೆದು ಕೊಟ್ಟರು. ಕಿಂಡಿಯ ಮುಂದೆ ಬಗ್ಗಿದ ಎಷ್ಟು ಪರದೇಶಿಗಳು ಅವರಲ್ಲಿಗೆ ಬಂದಿದ್ದರೋ.

ಮಣಿಪಾಲ, ಅದೇ ದಿನ

ಮಣಿಪಾಲ ಗುಡ್ಡದ ಮೇಲಿದೆ. ಅಲ್ಲಿ ಭೂಮಿಯ ಮೇಲಿನ ಎಲ್ಲ ಊರಿನ ಮಕ್ಕಳೂ ಇದ್ದಾರೆ, ನನ್ನ ವಯಸ್ಸಿನವರು ಮಾತ್ರ ಕಡಿಮೆ. ಪಂಚೆ ಉಟ್ಟು ಬಂದ ಅಪ್ಪನನ್ನು ನೋಡಿ ವೀಣಾ ಮೊದಲು ನಕ್ಕಳು, ಆಮೇಲೆ ಗಂಭೀರವಾಗಿ, ಶನಿವಾರ ನನ್ನ ಹೆಸರು ಕೂಗುವಾಗ ನೀನು ಪ್ಯಾಂಟು ಮೇಲಕ್ಕೆ ಎಳೆದುಕೊಳ್ಳುತ್ತಾ ನಿಂತಿರಬಾರದು ಎಂದಳು. ಅವಳ ಹತ್ತನೆಯ ತರಗತಿಯ ಬಹುಮಾನದ ಫೋಟೋದಲ್ಲಿ ನಾನು ಹಾಗೇ ಇದ್ದೇನೆ. ಅದು ಇನ್ನೂ ನಮ್ಮ ಪಡಸಾಲೆಯಲ್ಲಿ ತೂಗುತ್ತಿದೆ.

ಅವಳು ನನ್ನನ್ನು ಗಾಜಿನ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದಳು. ಮೊದಲ ಪ್ಯಾಂಟು ಕಾಲಿನ ಗಿಣ್ಣಿನಿಂದ ಗೇಣು ಮೇಲೆ ನಿಂತಿತು. ಅದು ಹಾಗೇ ಇರಬೇಕಂತೆ. ನಮ್ಮ ಕಡೆ ಗಟಾರ ದಾಟುವಾಗ ಮಾತ್ರ ಪ್ಯಾಂಟು ಅಷ್ಟು ಮೇಲಿರುತ್ತದೆ. ಎರಡನೆಯದು ಮೊಣಕಾಲಿನವರೆಗೆ ಬಂದು, ಮುಂದೆ ಹೋಗಲಾರೆ ಹಿಂದೆ ಬರಲಾರೆ ಎಂದು ಕೂತುಬಿಟ್ಟಿತು. ಒಳಗೆ ನೆಲದ ಮೇಲೆ ಕುಳಿತು ಕುಸ್ತಿ ಮಾಡಿ ಕಿತ್ತೆ. ಹೊರಗೆ ಬಂದಾಗ ಮೂರು ಜನ ಬಾಗಿಲಲ್ಲಿ ಸರದಿಗೆ ನಿಂತಿದ್ದರು. ಬರಿಗೈಯಲ್ಲಿ ಮರಳಿದೆವು.

ನಮ್ಮ ಪಾಡು ಕೇಳಿ ಬೈದವರು ಲಿಲ್ಲಿಬಾಯಿ, ವೀಣಾ ಬಾಡಿಗೆಗಿದ್ದ ಮನೆಯ ಒಡತಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ಗಂಡನ ಜೊತೆ ಬಹಳ ವರ್ಷ ಕುವೈತಿನಲ್ಲಿ ಇದ್ದು ಬಂದವರು. ಅಂಗಡಿಯಲ್ಲಿ ಸಿಗುವುದು ಪ್ಯಾಂಟು ಮಾತ್ರ, ಅಳತೆ ಸಿಗುವುದಿಲ್ಲ ಎಂಬುದು ಅವರ ತೀರ್ಮಾನ. ನಿಂತ ಗಡಿಯಾರವನ್ನೂ ಅವರಿಗೆ ತೋರಿಸಿದೆ. ಪ್ಯಾಂಟಿಗೆ ಕಾರ್ಕಳದ ಮಾರ್ಸೆಲ್, ಗಡಿಯಾರಕ್ಕೆ ಕಾಪುವಿನ ಸುಂದರಣ್ಣ ಎಂದು ಎರಡು ಹೆಸರು ಹೇಳಿದರು. ಇಬ್ಬರ ಅಂಗಡಿಗೂ ಬೋರ್ಡ್ ಇಲ್ಲ, ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ ಎಂದರು. ಇಬ್ಬರೂ ಹೇಳಿದ ದಿನಕ್ಕೆ ಕೊಡುತ್ತಾರೆ ಎಂಬ ಮಾತನ್ನು ಮಾತ್ರ ನಾನು ನಂಬಲಿಲ್ಲ. ಗಡಿಯಾರದವನೂ ದರ್ಜಿಯೂ ಹೇಳಿದ ದಿನಕ್ಕೆ ಕೊಟ್ಟದ್ದನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ.

ಕಾಪು, ಮಂಗಳವಾರ

ಸುಂದರಣ್ಣನ ಅಂಗಡಿ ಒಂದು ಬಾಗಿಲಿನಷ್ಟೇ ಅಗಲವಿತ್ತು. ಬಾಗಿಲು ತುಂಬಿ ಅವರು ಕೂತಿದ್ದರು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು. ನನ್ನ ಗಡಿಯಾರ ತೆರೆದು ಬಹಳ ಹೊತ್ತು ನೋಡಿದರು. ಮಶಿನ್ ಬದಲಿಸುವ ಮಾತು ಆಡಲಿಲ್ಲ, ಮಜ್ಜಿಗೆಯ ಮಾತೂ ಆಡಲಿಲ್ಲ. ನನಗೆ ಅಲ್ಲಿಗೇ ಅವರ ಮೇಲೆ ಗೌರವ ಬಂತು.

‘ಮೇಜಿನಲ್ಲಿ ಓಡುತ್ತದೆ, ಕೈಯಲ್ಲಿ ನಿಲ್ಲುತ್ತದೆ. ಹೌದಲ್ವಾ?’ ಎಂದರು. ನಾನು ಇನ್ನೂ ಏನೂ ಹೇಳಿರಲಿಲ್ಲ. ಹೌದೆಂದೆ. ನೀವು ಎಂತ ಕೆಲಸ ಮಾಡಿಕೊಂಡಿದ್ದದ್ದು ಎಂದು ಕೇಳಿದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ ಎಂದೆ. ಅವರು ಮಸೂರ ತೆಗೆದು ನನ್ನ ಕೈಗಳನ್ನು ನೋಡಿದರು.

‘ಹಾಗಾದರೆ ನಿಮ್ಮ ಕೈಯಲ್ಲಿ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ. ಇಲ್ಲಿ ಇಟ್ಟು ಹೋಗಿ. ಮೂರು ದಿನ ಕೈಗೆ ಕಟ್ಟಿ ನೋಡಬೇಕು. ಶುಕ್ರವಾರ ಸಂಜೆ ಬನ್ನಿ.’

ಮೂವತ್ತು ವರ್ಷದ ಸೇವೆಯಲ್ಲಿ ಮೇಲಧಿಕಾರಿಗಳು ಕೂಡ ನನ್ನ ಕೈಯ ಬಗ್ಗೆ ಹಾಗೆ ಹೇಳಿರಲಿಲ್ಲ. ಆದರೂ ಗಡಿಯಾರ ಬಿಚ್ಚಿಟ್ಟು ಬಂದೆ. ಮದುವೆಯಾದ ಮೇಲೆ ಅದನ್ನು ಬೇರೆ ಊರಿನಲ್ಲಿ ಬಿಟ್ಟು ಬಂದದ್ದು ಅದೇ ಮೊದಲು. ಮನಸ್ಸು ತಡೆಯದೆ ಅರ್ಧ ದಾರಿಯಿಂದ ತಿರುಗಿ ಹೋಗಿ, ಬಹಳ ಬೇಕಾದವರದು, ಜೋಪಾನ ಎಂದು ಹೇಳಿ ಬಂದೆ. ಅವರು ತಲೆ ಎತ್ತದೆ, ಎಲ್ಲರದ್ದೂ ಬೇಕಾದವರದ್ದೇ ಎಂದರು.

ಬಂದದ್ದಕ್ಕೆ ದೀಪಸ್ತಂಭ ನೋಡಿ ಹೋಗೋಣ ಎಂದು ಕಡಲ ಕಡೆ ನಡೆದೆ. ಪಂಚೆ ಉಟ್ಟು ಕಡಲಗಾಳಿಗೆ ನಿಲ್ಲುವುದು ಹುಟ್ಟಿದಾಗಿನಿಂದ ಕಲಿಯಬೇಕಾದ ವಿದ್ಯೆ. ಬಂಡೆ ಹತ್ತುವಾಗ ಗಾಳಿ ಎಡಗಡೆಯಿಂದ ಬಂದರೆ ಪಂಚೆ ಬಲಗಡೆಗೆ ಹೊರಟಿತು. ಕಂಬಿ ಹಿಡಿದರೆ ಮಾನ ಹೋಗುತ್ತದೆ, ಮಾನ ಹಿಡಿದರೆ ಕಾಲು ಜಾರುತ್ತದೆ. ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಇಬ್ಬರು ಹೆಂಗಸರು ನಿಂತು ನೋಡಿ, ತುಳುವಿನಲ್ಲಿ ಏನೋ ಮಾತಾಡಿಕೊಂಡು, ಒಬ್ಬಾಕೆ ತನ್ನ ಬುಟ್ಟಿ ಬಿಗಿದಿದ್ದ ಹಗ್ಗದ ತುಂಡು ಬಿಚ್ಚಿ ನನಗೆ ಕೊಟ್ಟಳು. ಅದನ್ನು ಸೊಂಟಕ್ಕೆ ಬಿಗಿದು ಇಳಿದೆ. ಆ ಹಗ್ಗದ ವಾಸನೆ ಹೋಗಲು ಎರಡು ಸ್ನಾನ ಬೇಕಾದವು.

ಕಾರ್ಕಳ, ಬುಧವಾರ

ಮಾರ್ಸೆಲ್ ಟೈಲರ್ ನನ್ನನ್ನು ನೋಡಿ ಕೇಳಿದ ಮೊದಲ ಪ್ರಶ್ನೆ ಊಟ ಆಯಿತಾ ಎಂದು. ನಮ್ಮ ಕಡೆಯೂ ಹಾಗೇ ಕೇಳುತ್ತಾರೆ, ಅದಕ್ಕೆ ಉತ್ತರ ಕೊಡಬೇಕೆಂದೇನೂ ಇಲ್ಲ. ಆಗಿಲ್ಲ ಎಂದೆ. ಅವರು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಹೋಗಿ ಊಟ ಮಾಡಿ ಬನ್ನಿ, ಹಸಿದ ಹೊಟ್ಟೆಯ ಅಳತೆ ನಾನು ತೆಗೆದುಕೊಳ್ಳುವುದಿಲ್ಲ ಎಂದರು. ಎದುರಿನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಉಂಡು ಬಂದೆ. ರೊಟ್ಟಿಯ ಹೊಟ್ಟೆಗೆ ಆ ಅನ್ನ ಕಲ್ಲಿನ ಹಾಗೆ ಕೂತಿತು. ಮಾರ್ಸೆಲ್ ನನ್ನ ಹೊಟ್ಟೆ ನೋಡಿ, ಈಗ ಸರಿ ಎಂದರು.

ಆಮೇಲೆ ಶುರುವಾಯಿತು. ನಿಲ್ಲಿಸಿ ಅಳೆದರು, ಕುರ್ಚಿಯಲ್ಲಿ ಕೂರಿಸಿ ಅಳೆದರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಸಿ ಅಳೆದರು. ಅಂಗಡಿಯ ಮೆಟ್ಟಿಲು ಹತ್ತಿಸಿದರು, ಇಳಿಸಿದರು. ಬಿದ್ದ ಸೂಜಿ ಎತ್ತಿಕೊಡಿ ಎಂದರು. ಬಗ್ಗಿ ಹುಡುಕಿದರೆ ಸೂಜಿಯೇ ಇರಲಿಲ್ಲ, ಹಿಂದಿನಿಂದ ಟೇಪು ಬಂತು. ಸಾಕ್ಷಿಗೆಂದು ಒಯ್ದಿದ್ದ ನನ್ನ ಹರಿದ ಪ್ಯಾಂಟನ್ನು ಬೆಳಕಿಗೆ ಹಿಡಿದು, ಡಾಕ್ಟರು ಎಕ್ಸ್‌ರೇ ನೋಡುವಂತೆ ನೋಡಿದರು.

‘ನಿಂತ ಮನುಷ್ಯನಿಗೆ ಹೊಲಿದದ್ದು ಇದು,’ ಎಂದರು. ‘ಮನುಷ್ಯ ದಿನವಿಡೀ ನಿಂತುಕೊಂಡೇ ಇರುತ್ತಾನಾ? ಕೂರಲಿಕ್ಕೆ ಉಂಟು, ಏಳಲಿಕ್ಕೆ ಉಂಟು, ಉಣ್ಣಲಿಕ್ಕೆ ಉಂಟು.’

ಇಪ್ಪತ್ತು ವರ್ಷ ಬಹರೈನಿನಲ್ಲಿ ಹೊಲಿದು ಬಂದವರಂತೆ. ಅಲ್ಲಿಯ ಗಿರಾಕಿಗಳನ್ನು ನೆಲದ ಮೇಲೆ ಕೂರಿಸುತ್ತಿದ್ದಿರಾ ಎಂದು ಕೇಳಿದೆ. ಅಲ್ಲಿ ಎಲ್ಲರೂ ನೆಲದ ಮೇಲೆ ಕೂತೇ ಉಣ್ಣುವುದು, ನಾನು ಕಲಿತದ್ದೇ ಅಲ್ಲಿ ಎಂದರು. ಶುಕ್ರವಾರ ಹತ್ತು ಗಂಟೆಗೆ ಬನ್ನಿ, ಹತ್ತೂವರೆ ಮಾಡಬೇಡಿ ಎಂದು ಕಳಿಸಿದರು.

ಕಾರ್ಕಳದ ಬಸ್ಸು, ಶುಕ್ರವಾರ

ಶುಕ್ರವಾರ ಮಣಿಪಾಲದಲ್ಲಿ ಕಾರ್ಕಳದ ಬಸ್ಸು ಹತ್ತಿದೆ. ಇಲ್ಲಿಯ ಖಾಸಗಿ ಬಸ್ಸುಗಳು ಕಾಲು ಇಡುವ ಮೊದಲೇ ಹೊರಡುತ್ತವೆ. ಒಂದು ಬಸ್ಸು ಎರಡು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವನ ಟೈಮಿಂಗ್ ಹಾಳಾಗುತ್ತದೆ, ಅದಕ್ಕೆ ನಿಲ್ದಾಣದಲ್ಲಿ ಜಗಳವಾಗುತ್ತದೆ. ನಮ್ಮ ಕಡೆ ಬಸ್ಸಿಗೆ ಕಾಯುತ್ತಾ ಒಂದು ಮದುವೆ ನಿಶ್ಚಯ ಮಾಡಿ ಮುಗಿಸಬಹುದು.

ಹಿರಿಯಡ್ಕ ದಾಟಿದ ಮೇಲೆ ಕಂಡಕ್ಟರ್ ನನ್ನ ಹತ್ತಿರ ಬಂದ. ಮೂವತ್ತೈದರ ಆಸುಪಾಸಿನ ತೆಳ್ಳಗಿನ ಆಸಾಮಿ. ಎಡಗೈಯಲ್ಲಿ ಒಂದು ಗಡಿಯಾರ ಇತ್ತು. ಟಿಕೆಟ್ ಕೊಡಲು ಬಲಗೈ ಚಾಚಿದ. ಬಲಗೈಯಲ್ಲಿ ನನ್ನ ಮಾವನ ಗಡಿಯಾರ ಇತ್ತು.

ಹಳದಿಯಾದ ಡಯಲ್ಲು, ಏಳರ ಹತ್ತಿರದ ಗೀರು, ನಾನೇ ಹಾಕಿಸಿದ ಕಂದು ಬೆಲ್ಟು. ಅವನ ಮಣಿಕಟ್ಟು ಹಿಡಿದುಕೊಂಡೆ. ಇದು ನಂದು, ಎಲ್ಲಿಂದ ಕದ್ದೆ ಎಂದು ಗದಗಿನ ದನಿಯಲ್ಲಿ ಕೇಳಿದೆ. ಗದಗಿನ ದನಿ ಬಯಲುಸೀಮೆಗೆ ಮಾಡಿದ್ದು, ಬಸ್ಸಿನೊಳಗೆ ಅದು ಸ್ವಲ್ಪ ಜಾಸ್ತಿಯಾಗುತ್ತದೆ. ಡ್ರೈವರ್ ಬ್ರೇಕ್ ಹಾಕಿದ. ಇಡೀ ಬಸ್ಸು ನನ್ನ ಕಡೆ ತಿರುಗಿತು.

ಕಂಡಕ್ಟರಿಗೆ ಸಿಟ್ಟು ಬರಲಿಲ್ಲ. ಮೊದಲು ತನ್ನ ಎಡಗೈ ನೋಡಿಕೊಂಡು, ನಿಲ್ಲಿಸಬೇಡ, ಟೈಮ್ ಆಗುತ್ತದೆ ಎಂದು ಡ್ರೈವರಿಗೆ ಹೇಳಿದ. ಬಸ್ಸು ಹೊರಟಿತು. ಆಮೇಲೆ ನನ್ನ ಕಡೆ ತಿರುಗಿದ.

‘ಗದಗಿನವರು ನೀವೇಯಾ? ನಾನು ಗಿರೀಶ, ಸುಂದರಣ್ಣ ನನ್ನ ಭಾವ. ಇದು ಟೆಸ್ಟಿಗೆ ಕೊಟ್ಟದ್ದು. ಭಾವ ದಿನವಿಡೀ ಕೂತಲ್ಲೇ ಅಲ್ವಾ, ಅವರ ಕೈ ಆಡುವುದಿಲ್ಲ. ನನ್ನದು ನಿಲ್ಲುವುದಿಲ್ಲ.’

ನಂಬಬೇಕೋ ಬೇಡವೋ ಎಂದು ನಾನು ಅವನ ಕೈ ಹಿಡಿದೇ ನಿಂತಿದ್ದೆ. ಮುಂದಿನ ಸೀಟಿನಲ್ಲಿದ್ದ ಹೆಂಗಸು ತನ್ನ ಮಗನ ಗಡಿಯಾರವೂ ಹೋದ ತಿಂಗಳು ಇವನ ಕೈಯಲ್ಲೇ ಇತ್ತು ಎಂದಳು. ಹಿಂದಿನಿಂದ ಒಬ್ಬರು, ಅದು ಇಲ್ಲಿ ಹಾಗೆಯೇ ಮಾರಾಯ್ರೆ, ಈ ಬಸ್ಸಿನಲ್ಲಿ ಪಾಸಾದ ವಾಚು ಎಲ್ಲಿಯೂ ಫೇಲಾಗುವುದಿಲ್ಲ ಎಂದರು. ಗಿರೀಶ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದ. ಎಲ್ಲೆಲ್ಲಿ ನಿಂತಿತು, ಎಷ್ಟು ಗಂಟೆಗೆ, ಆಗ ಕೈ ಹೇಗಿತ್ತು ಎಂದು ಬರೆದಿದ್ದ. ‘ಬೈಲೂರು, ಕೈ ಮೇಲೆ.’ ‘ಹಿರಿಯಡ್ಕ, ಕೈ ಮೇಲೆ.’ ‘ಮಣಿಪಾಲ, ಕೈ ಮೇಲೆ.’ ಬಾಗಿಲಲ್ಲಿ ಮೇಲಿನ ಕಂಬಿ ಹಿಡಿದು ನೇತಾಡಿದಾಗ ಮಾತ್ರ ಅದು ನಿಲ್ಲುತ್ತಿತ್ತು. ನಮ್ಮೂರಿನಲ್ಲಿ ಮೂರು ವರ್ಷದಲ್ಲಿ ಯಾರಿಗೂ ಸಿಗದ ರೋಗ ಇವನಿಗೆ ಮೂರು ದಿನದಲ್ಲಿ ಸಿಕ್ಕಿತ್ತು.

ನಾನು ಅವನ ಕೈ ಬಿಟ್ಟೆ. ತಪ್ಪಾಯಿತು ಎಂದೆ. ಹಾಗೆ ಹೇಳುವಾಗ ನಿಜವಾಗಿಯೂ ನಾಚಿಕೆಯಾಗಿತ್ತು. ಅವನು, ನಿಮ್ಮ ವಾಚು ಬೇರೆಯವರ ಕೈಯಲ್ಲಿ ಕಂಡರೆ ನಿಮಗೆ ಸಿಟ್ಟು ಬರಬೇಕು, ಬರದಿದ್ದರೆ ಅದನ್ನು ರಿಪೇರಿ ಮಾಡಿ ಎಂತ ಪ್ರಯೋಜನ ಎಂದ. ಮಾವ ನಾಳೆ ಬರುತ್ತಾರೆ, ಈಗಲೇ ಕೊಡು ಎಂದು ಬೇಡಿಕೊಂಡೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. ಭಾವನ ಕೈಗೇ ಕೊಡಬೇಕು, ಸಂಜೆ ಅಲ್ಲಿಗೇ ಬನ್ನಿ ಎಂದು ಬಾಗಿಲಿಗೆ ಹೋಗಿ, ಬಲಗೈಯಿಂದ ಮೇಲಿನ ಕಂಬಿ ಹಿಡಿದು ನಿಂತ.

ಕಾರ್ಕಳಕ್ಕೆ ಹತ್ತಕ್ಕೆ ಮುಟ್ಟಿದೆ. ಪ್ಯಾಂಟು ಸಿದ್ಧವಾಗಿತ್ತು. ಹಾಕಿಕೊಂಡು ಕುಳಿತೆ, ಎದ್ದೆ, ನೆಲದ ಮೇಲೆ ಕುಳಿತೆ. ಎಲ್ಲಿಯೂ ಹಿಡಿಯಲಿಲ್ಲ, ಎಲ್ಲಿಯೂ ಜಾರಲಿಲ್ಲ. ಕನ್ನಡಿಯಲ್ಲಿ ನನ್ನ ಕಾಲುಗಳು ನನ್ನ ವಯಸ್ಸಿನವೇ ಆಗಿ ಕಂಡವು. ಮಾರ್ಸೆಲ್ ಈ ಸಲವೂ ಸೂಜಿ ಬಿದ್ದಿದೆ ಎಂದರು. ನಾನು ಧೈರ್ಯವಾಗಿ ಬಗ್ಗಿದೆ.

ಮತ್ತೆ ಕಾಪು

ಸಂಜೆ ಸುಂದರಣ್ಣ ಭಾವಮೈದುನನ ಪುಸ್ತಕ ಓದಿ, ಹೌದಲ್ಲ ಎಂದು ಗಡಿಯಾರ ತೆರೆದರು. ಒಳಗಿನ ಯಂತ್ರವನ್ನು ಹಿಡಿದಿರುವ ಒಂದು ತಿರುಪು ಸಡಿಲವಾಗಿತ್ತು. ಗಡಿಯಾರ ಮಲಗಿದ್ದಾಗ ಯಂತ್ರ ತನ್ನ ಜಾಗದಲ್ಲಿ ಕೂರುತ್ತಿತ್ತು, ಕೈ ಎತ್ತಿದರೆ ಕೂದಲೆಳೆಯಷ್ಟು ಜಾರಿ ಮುಳ್ಳು ಗಾಜಿಗೆ ತಾಗುತ್ತಿತ್ತು. ಆಕಳಿಸಿ ಮೈಮುರಿಯುವಾಗಲೂ ಬೆನ್ನು ತುರಿಸಿಕೊಳ್ಳುವಾಗಲೂ ನಾನು ಕೈ ಎತ್ತುತ್ತಿದ್ದೆನಲ್ಲ. ತಿರುಪು ಬಿಗಿದು ಮುಚ್ಚಳ ಹಾಕಿದರು. ಹಾಕಿ, ಇನ್ನೂ ಎರಡು ದಿನ ಗಿರೀಶನ ಕೈಯಲ್ಲಿ ಇರಲಿ ಎಂದರು.

ಮಾವನ ವಿಷಯ ಪೂರ್ತಿ ಹೇಳಿದೆ. ಆಸ್ಪತ್ರೆಯ ಮಂಚ, ಬಚ್ಚಲು, ಸಕ್ಕರೆ ಕಾಯಿಲೆ, ಎಲ್ಲವನ್ನೂ. ನನ್ನ ಹೆಂಡತಿಗೂ ಹೇಳದ್ದನ್ನು ಒಂದು ಬಾಗಿಲಿನಷ್ಟು ಅಗಲದ ಅಂಗಡಿಯ ಮುಂದೆ ನಿಂತು ಹೇಳಿದೆ. ಅವರು ಗಡಿಯಾರವನ್ನು ನನ್ನ ಕೈಗೇ ಕಟ್ಟಿದರು.

‘ಹಾಗಾದರೆ ನೀವೇ ಟೆಸ್ಟ್ ಮಾಡಿ. ಆದರೆ ಕೈ ಸುಮ್ಮನೆ ಇಡಬಾರದು.’

ಕಾಪುವಿನಿಂದ ಮಣಿಪಾಲದವರೆಗೆ ನಾನು ಕೈ ಸುಮ್ಮನೆ ಇಡಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೆ. ರಸ್ತೆಯಲ್ಲಿ ಗುರುತಿಲ್ಲದವರಿಗೆಲ್ಲ ಕೈ ಬೀಸಿದೆ. ಕೆಲವರು ತಿರುಗಿ ಬೀಸಿದರು. ಒಂದು ರಿಕ್ಷಾ ನಿಂತಿತು, ಕ್ಷಮೆ ಕೇಳಿ ಕಳಿಸಿದೆ. ಗಡಿಯಾರ ನಿಲ್ಲಲಿಲ್ಲ.

ಮಣಿಪಾಲ, ಶನಿವಾರ

ಬೆಳಿಗ್ಗೆ ನನ್ನ ಹೆಂಡತಿ ಶಾಂತಾ ಮಾವನನ್ನು ಕರೆದುಕೊಂಡು ಬಂದಳು. ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂದದ್ದರ ಬಗ್ಗೆ ಮಾವ ತಿಂಡಿ ಮುಗಿಯುವವರೆಗೂ ಬೈದರು. ಸಭಾಂಗಣದಲ್ಲಿ ನನ್ನ ಪಕ್ಕದಲ್ಲೇ ಕುಳಿತರು. ನನ್ನ ಪ್ಯಾಂಟನ್ನು ಎರಡು ಸಲ ನೋಡಿ, ಇದನ್ನು ಹೊಲಿದವ ಮನುಷ್ಯ ಎಂದರು. ಅವರ ಬಾಯಿಂದ ಇಷ್ಟು ಹೊಗಳಿಕೆ ನನ್ನ ಮದುವೆಯಲ್ಲಿಯೂ ಬಂದಿರಲಿಲ್ಲ.

ವೇದಿಕೆಯ ಮೇಲೆ ಭಾಷಣ ನಡೆದಿತ್ತು. ಮಾವ ನನ್ನ ಕಡೆ ಬಾಗಿ ಟೈಮ್ ಎಷ್ಟಾತು ಎಂದು ಕೇಳಿದರು. ತೋಳು ಸರಿಸಿ ಗಡಿಯಾರ ನೋಡಿ, ಹನ್ನೊಂದು ಗಂಟೆ ಹನ್ನೆರಡು ನಿಮಿಷ ಎಂದೆ. ಅವರು ಎದುರಿನ ಗೋಡೆಯ ಗಡಿಯಾರ ನೋಡಿದರು. ಆಮೇಲೆ ನನ್ನ ಮಣಿಕಟ್ಟನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಹಚ್ಚಿಕೊಂಡರು. ಭಾಷಣದ ಗದ್ದಲದಲ್ಲಿ ಅವರಿಗೆ ಏನು ಕೇಳಿತೋ, ಬಹಳ ಹೊತ್ತು ಹಾಗೇ ಇದ್ದರು.

‘ಓಡಾಕ ಹತ್ತೈತಿ,’ ಎಂದರು. ‘ಮೂರು ವರ್ಷ ಆಗಿತ್ತು.’

ಗೊತ್ತಿತ್ತೇನ್ರಿ ಎಂದು ಕೇಳಿದೆ.

‘ಇಡೀ ಜಲ್ಮ ರೈಲಿನ ಟೈಮ್ ನೋಡಿದಾಂವ ನಾ. ನಿಂತ ಗಡಿಯಾರ ನನಗ ಗೊತ್ತಾಗೂದಿಲ್ಲೇನು?’

ಹಂಗಾರ ಯಾಕ ಕೇಳಲಿಲ್ಲ ಎಂದೆ. ಮಾವ ನನ್ನ ಕೈ ಬಿಡಲಿಲ್ಲ. ವೇದಿಕೆಯ ಕಡೆಗೇ ನೋಡುತ್ತಾ ಹೇಳಿದರು.

‘ಕೇಳಿದ್ರ ನೀವು ನಾಚಿ ಬಿಚ್ಚಿ ಇಟ್ಟುಬಿಡತಿದ್ರಿ. ಓಡದಿದ್ರೂ ನಿಮ್ಮ ಕೈಯಾಗ ಇರಲಿ ಅಂತ ಸುಮ್ಮನಿದ್ದೆ.’

ಕಣ್ಣು ತುಂಬಿ ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ವೀಣಾಳ ಹೆಸರು ಕೂಗಿದರು. ಇಬ್ಬರೂ ಎದ್ದು ನಿಂತೆವು, ನಾನು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದೆ. ಕುಳಿತುಕೊಂಡ ಮೇಲೆ ಮಾವ ಮತ್ತೆ ಟೈಮ್ ಕೇಳಿದರು. ಹೇಳಿದೆ. ಊಟದ ಸಾಲಿನಲ್ಲಿ ಕೇಳಿದರು, ಫೋಟೋ ತೆಗೆಸುವಾಗ ಕೇಳಿದರು, ಲಿಲ್ಲಿಬಾಯಿಯ ಮನೆಯ ಜಗಲಿಯಲ್ಲಿ ಚಹಾ ಕುಡಿಯುವಾಗ ಕೇಳಿದರು. ಅವತ್ತು ಕತ್ತಲಾಗುವವರೆಗೆ ಅವರು ಹನ್ನೊಂದು ಸಲ ಟೈಮ್ ಕೇಳಿದರು, ಹನ್ನೊಂದು ಸಲವೂ ನಾನು ಕೈ ನೋಡಿ ಹೇಳಿದೆ.